ಕಂಡಿ ಮುಚ್ಚದ ಮೇಸ್ತ್ರಿ

ಕಳೆದ ಭಾನುವಾರ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸಾರನ್ನ ಮುಗಿದು ಹುಳಿ ಬಡಿಸುವ ಹೊತ್ತಿಗೆ ತಮ್ಮ, “ಅಕ್ಕಾ, ನಿಂಗೆ ಗೊತ್ತಾಯ್ತಾ? ನಮ್ಮ ರಾಜಾಜಿನಗರದ ಮನೆ ಕಟ್ಟಿದ್ನಲ್ಲ, ಆ ಕುಡುಕ ಮೇಸ್ತ್ರಿ, ಹೋಗ್ಬಿಟ್ನಂತೆ” ಎಂದ. “ಯಾರು, ಗೃಹಪ್ರವೇಶದ ದಿನ ಗೋಡೆ ಒಡೆದಿದ್ನಲ್ಲ, ಅವನಾ?” ಎಂದು ಅವನ ಹೆಂಡತಿ ನಕ್ಕಳು. ಅವಳು ನಮ್ಮ ಮನೆಗೆ ಬಂದದ್ದು ಆ ಗೃಹಪ್ರವೇಶವಾಗಿ ಇಪ್ಪತ್ತು ವರ್ಷದ ಮೇಲೆ. ಆದರೂ ಕಥೆ ಅವಳಿಗೆ ಬಾಯಿಪಾಠ. ಮಕ್ಕಳೂ ನಕ್ಕರು. ನಮ್ಮ ನೆಂಟರಲ್ಲಿ ಎಲ್ಲೇ ಗೃಹಪ್ರವೇಶ ನಡೆಯಲಿ, ಕುಡುಕ ಮೇಸ್ತ್ರಿಯ ಕಥೆ ಒಂದು ಸಲ ಆಗಲೇಬೇಕು. ಅದಕ್ಕೆ ನಲವತ್ತು ವರ್ಷದಿಂದ ಇದೇ ನಗು.

ನಾನು ಎಲೆ ಬಿಟ್ಟು ಎದ್ದೆ. “ಯಾಕಕ್ಕಾ, ಮೈ ಹುಷಾರಿಲ್ವಾ?” ಎಂದರು. ಮೈ ಹುಷಾರಾಗಿಯೇ ಇತ್ತು. ಸಿಟ್ಟು ಬಂದಿತ್ತು, ಅಷ್ಟೆ.

ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಸತ್ತವರ ಹೆಸರು ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಬರೆಯುವುದಿಲ್ಲ. ನಮ್ಮವರ ಬಾಯಿಗೆ ಇಷ್ಟು ವರ್ಷ ಸಿಕ್ಕದ ಆ ಹೆಸರು ಇನ್ನು ಮುಂದೆಯೂ ಸಿಕ್ಕುವುದು ಬೇಡ. ಮೇಸ್ತ್ರಿ ಎಂದರೆ ಸಾಕು.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರ ಎಂಬುದು ಆಗ ಹೆಸರಿಗೆ ನಗರ. ಕಣ್ಣು ಹಾಯುವಷ್ಟು ದೂರ ಕೆಂಪು ಮಣ್ಣು, ಸಾಲಾಗಿ ನೆಟ್ಟ ಸೈಟಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಗೋಡೆ. ಕಲ್ಲುಗಳ ನಡುವೆ ಇನ್ನೂ ರಾಗಿ ಕೂಳೆ ಉಳಿದಿತ್ತು. ನಮ್ಮ ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಹಗಲು ಬಿಡುವಿಲ್ಲ, ತಾಯಿಗೆ ಚಿಕ್ಕ ಮಕ್ಕಳು. ಹಾಗಾಗಿ ಮನೆ ಕಟ್ಟುವಾಗ ದಿನವೂ ಸೈಟಿಗೆ ಹೋಗಿ ಕೂರುವ, ಗೋಡೆಗೆ ನೀರು ಹೊಡೆಸುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಹತ್ತೊಂಬತ್ತು. ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಜೂನ್ ತಿಂಗಳಲ್ಲಿ ಸೇರಬೇಕಿತ್ತು. ತಂದೆ ಒಪ್ಪಿದ್ದರು, ಆದರೆ ಅವರ ಒಪ್ಪಿಗೆಗೆ ಒಂದು ಬಾಲ ಇತ್ತು. “ನೋಡು, ಒಂದೇ ಒಂದು ದಿನ ನನ್ನ ಮಾತು ಮೀರಿದೆಯೋ, ಅವತ್ತಿಗೆ ಮುಗೀತು. ತುಮಕೂರಿನ ಹುಡುಗನಿಗೆ ಹೂಂ ಅಂತ ಕಾಗದ ಬರೆದುಬಿಡ್ತೀನಿ.” ಅವರು ಹೇಳಿದಂತೆ ಮಾಡುವ ಮನುಷ್ಯ. ಆ ಇಡೀ ಬೇಸಿಗೆ ನಾನು ಮನೆಯಲ್ಲಿ ಉಸಿರು ಬಿಗಿಹಿಡಿದೇ ಓಡಾಡಿದೆ.

ಮೇಸ್ತ್ರಿ ಮಾರೇನಹಳ್ಳಿಯವರು. ಹೊಲದ ಬದುಗಳ ಮೇಲೆ ನಡೆದು ಬೆಳಿಗ್ಗೆ ಏಳಕ್ಕೆಲ್ಲ ಸೈಟಿನಲ್ಲಿ ಇರುತ್ತಿದ್ದರು. ಕುಳ್ಳಗೆ, ಬಿಗಿಯಾದ ಮೈ. ಗಾರೆಯ ಸುಣ್ಣ ಚರ್ಮ ತಿಂದು ತಿಂದು ಬೆರಳ ತುದಿಗಳು ಬಿಳಿಚಿ ನುಣ್ಣಗಾಗಿದ್ದವು. ಹೆಬ್ಬೆಟ್ಟು ಒತ್ತಿದರೆ ಗುರುತೇ ಮೂಡುವುದಿಲ್ಲ ಎಂದು ಅವರೇ ನಗುತ್ತಿದ್ದರು. ತಲೆಗೆ ಸುತ್ತಿದ ಟವೆಲನ್ನು ಎಂದೂ ನೆಲಕ್ಕೆ ಬಿಡುತ್ತಿರಲಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ಅಳೆಯುವ ತೂಗುಗುಂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಸಾಹೇಬರು ಗಡಿಯಾರ ನೋಡುವ ಹಾಗೆ ಆಗಾಗ ತೆಗೆದು ಗೋಡೆಗೆ ಹಿಡಿಯುತ್ತಿದ್ದರು.

ಒಮ್ಮೆ ನಮ್ಮ ತಂದೆ ಭಾನುವಾರ ಬಂದು, ಪಡಸಾಲೆಯ ಗೋಡೆ ಸೊಂಟದೆತ್ತರ ಬಂದದ್ದನ್ನು ನೋಡಿ ಖುಷಿಪಟ್ಟರು. ಮೇಸ್ತ್ರಿ ಗುಂಡು ಇಳಿಬಿಟ್ಟು ನೋಡಿ ಮೇಲಿನ ನಾಲ್ಕು ವರಸೆ ಕಿತ್ತು ಹಾಕಿದರು. “ಅಯ್ಯೋ, ಚೆನ್ನಾಗಿತ್ತಲ್ಲಯ್ಯಾ!” ಎಂದರು ತಂದೆ. “ನಿಮ್ ಕಣ್ಣಿಗೆ ಚೆಂದಾಗೈತೆ ಸಾಮಿ, ಗುಂಡಿನ್ ಕಣ್ಣಿಗೆ ಇಲ್ಲ” ಎಂದರು ಮೇಸ್ತ್ರಿ. ಕಿತ್ತದ್ದಕ್ಕೆ ಕೂಲಿ ಕೇಳಲಿಲ್ಲ. ಇಂಥವರನ್ನು ಕುಡುಕ ಎನ್ನುತ್ತಾರೆ ನಮ್ಮವರು! ಅವರು ಹೆಂಡ ಮುಟ್ಟುತ್ತಲೇ ಇರಲಿಲ್ಲ. ಅವರ ಅಣ್ಣನೂ ಗಾರೆ ಕೆಲಸದವನೇ, ಕುಡಿದು ಮೇಲೆ ಹತ್ತಿ ಬಿದ್ದು ಸತ್ತವನು. “ಮೇಲೆ ನಿಂತ್ಕೊಂಡು ಅನ್ನ ತಿನ್ನೋ ನಮ್ಗೆ ಅದು ಆಗ್ಬರಾಕಿಲ್ಲ ಅಮ್ಮಣ್ಣಿ” ಎಂದು ಒಮ್ಮೆ ಹೇಳಿದ್ದರು. ಬೀಡಿ ಕೂಡ ಸಂಜೆ ಕರಣೆ ತೊಳೆದಿಟ್ಟ ಮೇಲೆಯೇ.

ಅವರ ಒಂದು ಅಭ್ಯಾಸ ಹೇಳಬೇಕು. ಗೋಡೆ ಎತ್ತರವಾದ ಹಾಗೆ ನಿಂತು ಕೆಲಸ ಮಾಡಲು ಮರದ ಸಾರುವೆ ಕಟ್ಟುತ್ತಾರಲ್ಲ, ಅದರ ಅಡ್ಡಗಳಗಳ ಒಂದು ತುದಿ ಗೋಡೆಯೊಳಗೇ ಕೂತಿರುತ್ತದೆ. ಕೆಲಸ ಮುಗಿದು ಗಳ ಎಳೆದಾಗ ಗೋಡೆಯಲ್ಲಿ ಇಟ್ಟಿಗೆಯಗಲದ ಕಂಡಿ ಉಳಿಯುತ್ತದೆ. ಇಟ್ಟಿಗೆ ಚೂರು, ಗಾರೆ ತುಂಬಿ ಅದನ್ನು ಮುಚ್ಚಬೇಕು. ಬೇರೆಯವರು ಇದನ್ನು ಆಳುಗಳಿಗೆ ಬಿಡುತ್ತಾರೆ. ಮೇಸ್ತ್ರಿ ಮಾತ್ರ ಒಂದೊಂದು ಕಂಡಿಗೂ ತಾವೇ ಹತ್ತಿ, ಕಿವಿಯಿಟ್ಟು ಕೇಳಿ, ಕರಣೆಯ ಹಿಡಿಯಿಂದ ಗೋಡೆ ತಟ್ಟಿ, “ಯಾರ್ರಪ್ಪಾ ಒಳಗಿರೋರು?” ಎಂದು ಕೂಗುತ್ತಿದ್ದರು. ಆಳುಗಳು ನಗುತ್ತಿದ್ದರು. ನಾನೂ ನಕ್ಕಿದ್ದೆ.

ನಕ್ಕದ್ದಕ್ಕೆ ಅವರು ಬೇಸರ ಮಾಡಲಿಲ್ಲ. ಒಂದು ದಿನ ಹೊಂಗೆಯ ನೆರಳಲ್ಲಿ ಮುದ್ದೆ ಉಂಡು ಕೈ ತೊಳೆಯುತ್ತಾ ಕಾರಣ ಹೇಳಿದರು. ಹರೆಯದಲ್ಲಿ ಪೇಟೆಯ ಯಾವುದೋ ಮನೆಯಲ್ಲಿ ಆತುರಕ್ಕೆ ನೋಡದೆ ಒಂದು ಕಂಡಿ ಮುಚ್ಚಿದ್ದರಂತೆ. ಒಳಗೆ ಅಳಿಲು ಮರಿ ಹಾಕಿತ್ತು. “ಎಲ್ಡು ದಿನ ಗೋಡೆ ಕೂಗ್ತು ಅಮ್ಮಣ್ಣಿ. ಮನೆಯೋರು ಗಾಳಿ ಅಂದ್ರು, ಪೀಡೆ ಅಂದ್ರು, ನಿಂಬೆಹಣ್ಣು ಕುಯ್ಸಿದ್ರು. ಮುಚ್ದೋನು ನಾನು ಅಂತ ನಂಗೊಬ್ನಿಗೇ ಗೊತ್ತು. ಹೇಳಾಕೆ ಬಾಯಿ ಬರ್ಲಿಲ್ಲ. ಮೂರ್ನೇ ದಿನ ಸುಮ್ಕಾಯ್ತು.” ಆಮೇಲೆ, “ಗೋಡೆ ಇರೋದು ಆಚೆಯೋರ್ನ ಆಚೆ ಇಡಾಕೆ. ಒಳಗಿರೋರ್ನ ಹೂಳಾಕಲ್ಲ” ಎಂದರು.

ನಮ್ಮ ಮನೆಯ ಮುಂಬಾಗಿಲಿನ ಮೇಲಿನ ಕಂಡಿಗೆ ಏಪ್ರಿಲ್ ತಿಂಗಳಲ್ಲಿ ಒಂದು ಜೋಡಿ ಹಕ್ಕಿ ಬಂತು. ನಾನು ಗೊರವಂಕ ಎಂದುಕೊಂಡೆ. “ಗೊರವಂಕ ಅಲ್ಲ, ಅದರ ದಾಯಾದಿ. ಜುಟ್ಟು ನೋಡಿ” ಎಂದರು ಮೇಸ್ತ್ರಿ. ನೋಡಿದೆ. ಗೊರವಂಕಕ್ಕಿಂತ ಚಿಕ್ಕದು, ಅದಕ್ಕಿಂತ ಲಕ್ಷಣ. ನೆತ್ತಿಯ ಮೇಲೆ ಕಪ್ಪು ಟೋಪಿ, ಟೋಪಿಯ ಹಿಂದೆ ಎಣ್ಣೆ ಹಚ್ಚಿ ಬಾಚಿದಂಥ ಉದ್ದನೆಯ ಜುಟ್ಟು. ಕೆನ್ನೆಯಿಂದ ಹೊಟ್ಟೆಯವರೆಗೆ ಹೊಸ ಬೆಲ್ಲದ ಬಣ್ಣ, ಬೆನ್ನು ಬೂದಿ. ಹಳದಿ ಕೊಕ್ಕಿನ ಬುಡದಲ್ಲಿ ಮಾತ್ರ ಒಂದಿಷ್ಟು ನೀಲಿ. ಹಾರಿ ಬಂದು ಇಳಿಯುವಾಗ ಬಾಲ ಬಿಚ್ಚಿದರೆ ಅಂಚಿನಲ್ಲಿ ಬಿಳಿ ಕಾಣುತ್ತಿತ್ತು. ಪುಸ್ತಕದವರು ಇದನ್ನು ಕರಿತಲೆ ಕಬ್ಬಕ್ಕಿ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮೇಸ್ತ್ರಿಗೆ ಅದು ಬರೀ ಜುಟ್ಟಿನ ಹಕ್ಕಿ.

ಮೊದಲು ಅವು ಇದ್ದದ್ದು ರಸ್ತೆಗೆಂದು ಕಡಿದ ಹಳೆಯ ಮರವೊಂದರ ಪೊಟರೆಯಲ್ಲಂತೆ. ಮೇಸ್ತ್ರಿಗೆ ಆ ಮರವೂ ಗೊತ್ತಿತ್ತು, ಅವರ ಮಾವನ ಹೊಲದ ಬದುವಿನಲ್ಲಿತ್ತು. “ಮರ ಹೋಯ್ತಲ್ಲಮ್ಮಣ್ಣಿ, ಅವುಕ್ಕೂ ಒಂದ್ ಸೈಟ್ ಬೇಕಲ್ವಾ?” ಎಂದು ನಕ್ಕರು.

ನೀರು ಹೊಡೆಸುವುದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ. ಆ ಹಕ್ಕಿಗಳನ್ನು ನೋಡುತ್ತಾ ಕೂತೆ. ಗಂಡು ಗಳದ ತುದಿಯಲ್ಲಿ ಕೂತು, ಜುಟ್ಟು ನಿಮಿರಿಸಿ ಮೈ ಉಬ್ಬಿಸಿಕೊಂಡು ಹಾಡುತ್ತಿತ್ತು. ನಡುನಡುವೆ ಬೇರೆ ಹಕ್ಕಿಗಳ ದನಿಯನ್ನೂ ಕದ್ದು ಸೇರಿಸುತ್ತಿತ್ತು. ನೆಲಕ್ಕಿಳಿದರೆ ಗುಬ್ಬಿಯ ಹಾಗೆ ಕುಪ್ಪಳಿಸುವುದಿಲ್ಲ, ಮನುಷ್ಯರಂತೆ ಹೆಜ್ಜೆಯಿಟ್ಟು ನಡೆಯುತ್ತದೆ. ಮೇಯುವ ಎಮ್ಮೆಯ ಹಿಂದೆಯೇ ನಡೆದು, ಅದರ ಕಾಲಿಗೆ ಬೆದರಿ ಏಳುವ ಮಿಡತೆಗಳನ್ನು ಹಿಡಿಯುತ್ತದೆ. ಗೂಡಿಗೆ ಒಣಹುಲ್ಲು, ಪುಕ್ಕ, ಚಿಂದಿ ಬಟ್ಟೆ, ಕಾಗದದ ಚೂರು ಏನು ಸಿಕ್ಕರೂ ಆಯಿತು. ಟ್ರೈನಿಂಗಿನವರು ಕಳಿಸಿದ ಲಕೋಟೆಯ ಒಂದು ಮೂಲೆಯನ್ನೂ ಹರಿದು ಒಯ್ದಿತ್ತು.

ಮೊಟ್ಟೆ ಇಟ್ಟ ಮೇಲೆ ಮೇಸ್ತ್ರಿ ನನಗೆ ಒಂದು ಮಾತು ಹೇಳಿಕೊಟ್ಟರು. “ಈಗ ನೋಡಿ, ಒಂದ್ ಹೊರಗೋದ್ರೆ ಇನ್ನೊಂದ್ ಒಳಗೇ ಇರ್ತದೆ. ಅಂದ್ರೆ ಮೊಟ್ಟೆ. ಮರಿ ಬಲ್ತ್ವು ಅಂದ್ರೆ ಎಲ್ಡೂ ಒಟ್ಗೇ ಹೊರಗೋಗ್ತವೆ, ಒಬ್ರ ದುಡಿಮೆ ಸಾಲಾಕಿಲ್ಲ. ಎಲ್ಡೂ ಹೋದ್ವು ಅಂತ ಗೂಡು ಖಾಲಿ ಅನ್ಕೋಬಾರ್ದು ಅಮ್ಮಣ್ಣಿ. ಅವಾಗ್ಲೇ ಗೂಡು ತುಂಬಿರೋದು.”

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಉಳಿದ ಕಂಡಿಗಳನ್ನೆಲ್ಲ ಮುಚ್ಚಿ, ಅದೊಂದನ್ನು ಬಿಟ್ಟು, ಮೇಸ್ತ್ರಿ ತಂದೆಯ ಮುಂದೆ ಕೈಮುಗಿದು ನಿಂತರು. “ಇದೊಂದ್ ಇನ್ನು ಹದಿನೈದು ದಿನ ಬಿಡಿ ಸಾಮಿ. ಮರಿ ಹಾರಿದ್ ಮಾರ್ನೇ ದಿನ ನಾನೇ ಬಂದು ಮುಚ್ಚಿ ಸುಣ್ಣ ಹೊಡ್ದು ಹೋಯ್ತೀನಿ.” ತಂದೆ “ಆಗಲಯ್ಯಾ” ಎಂದರು. ಗೃಹಪ್ರವೇಶದ ದಿನ ಮನೆ ಕಟ್ಟಿದ ಮೇಸ್ತ್ರಿಗೆ ಪಂಚೆ, ತಾಂಬೂಲ ಕೊಟ್ಟು ಊಟ ಹಾಕುವ ಪದ್ಧತಿ. ಅದಕ್ಕೆ ಮಧ್ಯಾಹ್ನ ಬರಲು ಹೇಳಿ ಕಳಿಸಿದರು.

ಗೃಹಪ್ರವೇಶದ ಹಿಂದಿನ ದಿನ ಪುರೋಹಿತರು ಬಂದು ಬಾಗಿಲು ನೋಡಿದರು. ಕಂಡಿಯಿಂದ ಕೆಳಗೆ ಹಕ್ಕಿಯ ಹಿಕ್ಕೆ ಬಿಳಿಯ ಗೆರೆಯಾಗಿ ಇಳಿದಿತ್ತು. “ಹೊಸ್ತಿಲ ಮೇಲೆ ಗೋಡೆ ಬಾಯಿ ಬಿಟ್ಕೊಂಡಿರೋದು ಒಳ್ಳೇದಲ್ಲ. ಮುಚ್ಚಿಸಿಬಿಡಿ” ಎಂದು ಹೇಳಿ ಕಾಫಿ ಕುಡಿದು ಹೋದರು. ಅಷ್ಟೇ ಸಾಕಾಯಿತು. ಮರುದಿನ ನಸುಕಿನಲ್ಲೇ ತಂದೆ ಪಕ್ಕದ ಸೈಟಿನ ಗಾರೆಯವನನ್ನು ಕರೆತಂದರು. ಅವರು ಬಾಗಿಲಲ್ಲಿ ನಿಂತಿದ್ದಾಗಲೇ ಎರಡು ಹಕ್ಕಿಯೂ ಹೊರಗೆ ಹಾರಿದವಂತೆ. “ಎರಡೂ ಹೋದ್ವಲ್ಲ, ಗೂಡು ಖಾಲಿಯಾಯ್ತು. ಮುಚ್ಚು” ಎಂದರಂತೆ. ಆತ ಒಳಗೆ ಇಣುಕದೆ, ಕಂಡಿಯ ಬಾಯಿಗಷ್ಟೇ ಇಟ್ಟಿಗೆ ಚೂರು, ಗಾರೆ ಮೆತ್ತಿ ಸುಣ್ಣ ಬಳಿದು ಹೋದ.

ನಾನು ತಾಯಿ, ಮಕ್ಕಳ ಜೊತೆ ಜಟಕಾದಲ್ಲಿ ಬಂದಿಳಿದಾಗ ಏಳು ಗಂಟೆ. ಜುಟ್ಟಿನ ಹಕ್ಕಿ ಹಸಿ ಸುಣ್ಣದ ಮೇಲೆ ಉಗುರೂರಲು ನೋಡುತ್ತಿತ್ತು. ಕೊಕ್ಕಿನಲ್ಲಿ ಹಸಿರು ಹುಳ. ಜಾರಿ ಬೀಳುತ್ತಿತ್ತು, ಸುತ್ತಿ ಬಂದು ಮತ್ತೆ ಅದೇ ಜಾಗಕ್ಕೆ ಬಡಿಯುತ್ತಿತ್ತು. ಇನ್ನೊಂದು ಹಕ್ಕಿ ಕಿಟಕಿಯ ಕಂಬಿಯ ಮೇಲೆ ಕೂತು ಕಿರುಚುತ್ತಿತ್ತು, ಅದರ ಬಾಯಲ್ಲೂ ಮಿಡತೆ.

ಓಡಿಹೋಗಿ ತಂದೆಗೆ ಹೇಳಿದೆ. ಅವರಿಗೆ ಅರ್ಥವಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬೆಳಗಿನ ಜಾವ ಅವರು ಮಾಡಿದ್ದು ತಿಳಿಯದೆ ಮಾಡಿದ ತಪ್ಪು. ಏಳು ಗಂಟೆಗೆ ತಿಳಿಯಿತು. ಆದರೂ, “ಆಗಿದ್ದಾಯ್ತು. ಹತ್ತಕ್ಕೆ ಮುಹೂರ್ತ. ಮುಖ ಸಪ್ಪೆ ಮಾಡ್ಕೊಂಡು ನಿಂತ್ಕೋಬೇಡ, ಹೋಗಿ ತೋರಣಕ್ಕೆ ಮಾವಿನ ಸೊಪ್ಪು ನೋಡು” ಎಂದರು. ಒಳಗೆ ಮರಿಗಳು ಉಸಿರುಗಟ್ಟುತ್ತಿರುವಾಗ ಹೊರಗೆ ತೋರಣ!

ಸೊಪ್ಪು ತರಲು ಹೊರಟವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ಓಡಿದೆ. ಮಾರೇನಹಳ್ಳಿಯಲ್ಲಿ ಮೇಸ್ತ್ರಿ ಜಗಲಿಯ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದರು. “ಮುಚ್ಚಿಬಿಟ್ರು” ಎಂದಷ್ಟೇ ಅಂದೆ. ಬಟ್ಟಲನ್ನು ಅಲ್ಲೇ ಇಟ್ಟು ಎದ್ದರು. ಉಳಿ, ಸುತ್ತಿಗೆ ತೆಗೆದುಕೊಂಡವರು ಏನೋ ನೆನಪಾಗಿ ನನ್ನ ಕಡೆ ತಿರುಗಿದರು. ಟ್ರೈನಿಂಗಿನ ವಿಷಯ, ತಂದೆಯ ಷರತ್ತು ಎಲ್ಲ ಅವರಿಗೆ ಗೊತ್ತಿತ್ತು. ಆ ಬೇಸಿಗೆ ನಾನು ಮಾತಾಡಿದ್ದೇ ಅವರೊಬ್ಬರ ಜೊತೆ. “ನೀವು ಸೊಪ್ಪು ತಕ್ಕೊಂಡು ಮುಂದೆ ಹೋಗಿ ಅಮ್ಮಣ್ಣಿ. ನಾನು ಬ್ಯಾರೆ ದಾರೀಲಿ ಬತ್ತೀನಿ” ಎಂದು ತಾವೇ ಹಿತ್ತಲಿನ ಮಾವಿನಿಂದ ಒಂದು ಕೊಂಬೆ ಮುರಿದು ಕೊಟ್ಟರು.

ಅವರು ಬಂದಾಗ ನೆಂಟರೆಲ್ಲ ಸೇರಿದ್ದರು. ಓಲಗದವರು ಬಂದಿದ್ದರು, ಹಸುವನ್ನು ಬಾಗಿಲ ಮುಂದೆ ನಿಲ್ಲಿಸಿದ್ದರು. ಮೇಸ್ತ್ರಿ ಯಾರನ್ನೂ ನೋಡಲಿಲ್ಲ. ಪಕ್ಕದ ಸೈಟಿನ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದರು. ಗೋಡೆ ತಟ್ಟಿ ಕಿವಿಯಿಟ್ಟರು. ಆಮೇಲೆ ಉಳಿ ಹಿಡಿದು ಹೊಡೆದರು. ಗಾರೆ ಇನ್ನೂ ಹಸಿ. ಸುಣ್ಣ, ಇಟ್ಟಿಗೆ ಚೂರು ರಂಗೋಲಿಯ ಮೇಲೆ ಉದುರಿದವು. ಹಸು ಬೆದರಿ ಹಗ್ಗ ಜಗ್ಗಿತು. “ಹಿಡೀರೋ ಅವನ್ನ!” ಎಂದು ತಂದೆ ಕೂಗುವಷ್ಟರಲ್ಲಿ ಕಂಡಿ ತೆರೆದಿತ್ತು. ಮೂರು ಬಾಯಿಗಳು ಒಟ್ಟಿಗೆ ತೆರೆದು ಕೂಗಿಕೊಂಡವು. ನಾಲ್ಕನೆಯ ಮರಿ ಬಾಯಿ ತೆರೆಯಲಿಲ್ಲ. ಅದನ್ನು ಮೇಸ್ತ್ರಿ ಟವೆಲಿನ ತುದಿಯಲ್ಲಿ ಸುತ್ತಿಕೊಂಡು ಕೆಳಗಿಳಿದರು.

ತಂದೆ ಏಣಿಯ ಬುಡಕ್ಕೇ ಬಂದು ನಿಂತರು. ಗೃಹಪ್ರವೇಶದ ದಿನ, ಮುಹೂರ್ತಕ್ಕೆ ಮುಂಚೆ, ನೆಂಟರಿಷ್ಟರ ಎದುರಿಗೆ ಗೋಡೆ ಒಡೆಯುವುದೆಂದರೆ! ಆದರೆ ಅವರು ಗುಮಾಸ್ತರು, ಕೋಪದಲ್ಲೂ ಪ್ರಶ್ನೆ ಸರಿಯಾಗಿಯೇ ಕೇಳಿದರು. “ಮಧ್ಯಾಹ್ನ ಬರಬೇಕಾದೋನು ನೀನು. ಬೆಳಿಗ್ಗೆ ಮುಚ್ಚಿಸಿದ್ದು ಮಾರೇನಹಳ್ಳೀಲಿ ಕೂತೋನಿಗೆ ಹೇಗೆ ಗೊತ್ತಾಯ್ತು? ಯಾರು ಬಂದು ಹೇಳಿದ್ದು?”

ಕೇಳುತ್ತಲೇ ಅವರ ಕಣ್ಣು ಒಂದು ಸುತ್ತು ಬಂತು. ನಾನು ಮಾವಿನ ಕೊಂಬೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದೆ. ಸೀರೆಯ ಅಂಚಿಗೆಲ್ಲ ಹೊಲದ ಕೆಂಪು ಮಣ್ಣು.

“ಯಾರೂ ಹೇಳ್ಲಿಲ್ಲ ಸಾಮಿ,” ಎಂದರು ಮೇಸ್ತ್ರಿ ತಕ್ಷಣ. “ಕುಡ್ದಿದ್ದೆ. ಏನೋ ತಲೆಗೆ ಬಂತು, ಎದ್ದು ಬಂದೆ. ತೆಪ್ಪಾಯ್ತು.”

“ನೋಡಿದ್ರಾ! ಹುಳಿ ಹುಳಿ ವಾಸನೆ ಆಗ್ಲೇ ಬಂತು ನಂಗೆ” ಎಂದರು ನೆಂಟರಲ್ಲಿ ಒಬ್ಬರು. ಅದು ಅಂಬಲಿಯ ಹುಳಿ. ಯಾರೋ ನಕ್ಕರು. ನಗು ಹರಡಿತು. ಕುಡುಕ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಎಷ್ಟು ನಿರಾಳ! ಇನ್ನು ಯಾರೂ ಆ ಮೂರು ಬಾಯಿಗಳ ಕಡೆ ನೋಡಬೇಕಾಗಿರಲಿಲ್ಲ. ತಂದೆಯ ಕಣ್ಣು ನನ್ನನ್ನು ಬಿಟ್ಟಿತು. “ಇನ್ನೊಂದ್ಸಲ ಈ ಬೀದಿಗೆ ಕಾಲಿಟ್ರೆ ಪೊಲೀಸಿಗೆ ಕೊಡ್ತೀನಿ” ಎಂದರು. ಮೇಸ್ತ್ರಿ ಟವೆಲಿನ ಗಂಟು ಎದೆಗೆ ಹಿಡಿದುಕೊಂಡು ನಡೆದರು. ಅವರಿಗೆಂದು ಅರಿಶಿನ ಹಚ್ಚಿ ಇಟ್ಟಿದ್ದ ಪಂಚೆಯನ್ನು ಮಧ್ಯಾಹ್ನ ಪಕ್ಕದ ಸೈಟಿನ ಗಾರೆಯವನಿಗೆ, ಕಂಡಿ ಮುಚ್ಚಿದವನಿಗೆ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

ತಾಯಿ ಮಾತ್ರ ಒಂದು ಮಾತಾಡಿದಳು. “ಮರಿ ಇರೋ ಗೂಡು. ಇನ್ನು ಅದಕ್ಕೆ ಯಾರೂ ಕೈ ಹಾಕ್ಬೇಡಿ.” ಹಾಗಾಗಿ ಮರಿಗಳು ಹಾರುವವರೆಗೆ ಕಂಡಿ ಉಳಿಯಿತು.

ಜೂನ್‌ನಲ್ಲಿ ನಾನು ಟ್ರೈನಿಂಗಿಗೆ ಸೇರಿದೆ. ತಂದೆಯೇ ಬಸ್ಸಿನವರೆಗೆ ಬಂದು ಬಿಟ್ಟರು. ಅದೇ ತಿಂಗಳು ಅವರು ಬೀದಿಯಲ್ಲಿ ಮನೆ ಕಟ್ಟಿಸುವವರಿಗೆಲ್ಲ ಮೇಸ್ತ್ರಿಯ ಕಥೆ ಹೇಳಿದ್ದರು. ಬೀದಿಯವರು ಪಕ್ಕದ ಬೀದಿಗೆ ಹೇಳಿದರು. ಕುಡಿದು ಮುಹೂರ್ತ ಕೆಡಿಸುವವನನ್ನು ಯಾರು ಕರೆಯುತ್ತಾರೆ? ಸುತ್ತ ಮನೆಗಳ ಮೇಲೆ ಮನೆಗಳು ಏಳುತ್ತಿದ್ದ ಕಾಲ. ಕೈಲಾಗದ ಗಾರೆಯವನಿಗೂ ವರ್ಷವಿಡೀ ಕೆಲಸ. ತೂಗುಗುಂಡಿನ ಕಣ್ಣಿದ್ದ ಆ ಮನುಷ್ಯನಿಗೆ ರಾಜಾಜಿನಗರದಲ್ಲಿ ಒಂದು ಕಾಂಪೌಂಡು ಗೋಡೆಯೂ ಸಿಕ್ಕಲಿಲ್ಲ.

ಟ್ರೈನಿಂಗ್ ಮುಗಿದು ನನಗೆ ಮೊದಲ ಕೆಲಸ ಸಿಕ್ಕಿದ್ದು ಕೆಂಗೇರಿಯ ಒಂದು ಶಾಲೆಯಲ್ಲಿ. ಹೊಸ ಕೊಠಡಿ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ವರಾಂಡದಲ್ಲಿ ನಿಂತಿದ್ದೆ. ಗಾರೆ ತುಂಬಿದ ಬಾಂಡ್ಲಿಯನ್ನು ಟವೆಲಿನ ಸಿಂಬಿಯ ಮೇಲೆ ಹೊತ್ತು ಒಬ್ಬರು ಏಣಿಯ ಹತ್ತಿರ ನಡೆದು ಹೋದರು. ಗೋಡೆಯ ಮೇಲೆ ಕರಣೆ ಹಿಡಿದು ನಿಂತಿದ್ದ ಹುಡುಗುವಯಸ್ಸಿನ ಗಾರೆಯವನು, “ಬೇಗ ಬಾರಯ್ಯಾ ಮುದ್ಕಾ” ಎಂದು ಗದರಿದ. ಬಾಂಡ್ಲಿ ಹೊತ್ತವರು ನಮ್ಮ ಮೇಸ್ತ್ರಿ. ಅ ಆ ಇ ಈ ಕಲಿಸುವ ನನ್ನ ಕೈಯಲ್ಲಿ ಸೀಮೆಸುಣ್ಣದ ತುಂಡೊಂದು ಇತ್ತು, ಅದು ಮುರಿಯಿತು.

ಬಾಂಡ್ಲಿ ಇಳಿಸಿ ಬಂದು ಎದುರಿಗೆ ನಿಂತರು. ಕಣ್ಣು ತುಂಬ ಸಂತೋಷ. “ಮೇಡಮ್ಮೋರಾದ್ರಾ!” ಎಂದರು. ನಾನು ಬಾಯಿ ತೆರೆಯುವ ಮೊದಲೇ, ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವರ ಹಾಗೆ, “ಮೂರೂ ಹಾರಿದ್ವಾ ಅಮ್ಮಣ್ಣಿ?” ಎಂದು ಕೇಳಿದರು.

“ಹಾರಿದ್ವು ಮೇಸ್ತ್ರಿ, ಮೂರೂ” ಎಂದೆ. ಅವರು ತಲೆಯಾಡಿಸಿದರು. ನನಗೆ ಅಳು ಬಂತು. “ಇವತ್ತೇ ಮನೆಗೆ ಹೋಗಿ ಹೇಳಿಬಿಡ್ತೀನಿ. ನೀವು ಕುಡಿದಿರಲಿಲ್ಲ, ಕರೆದೋಳು ನಾನು ಅಂತ. ಅಪ್ಪ ಬೈದ್ರೆ ಬೈಲಿ.”

“ಈಗ್ಯಾಕವ್ವಾ?” ಎಂದರು. “ನಿಮ್ಮಪ್ಪಾರಿಗೆ ವಯಸ್ಸಾಯ್ತು. ಮನಸ್ಸು ನೋಯ್ತದೆ. ಬುಡಿ.” ಮೇಲಿನಿಂದ ಗಾರೆಯವನು ಮತ್ತೆ ಕೂಗಿದ. ಅವರು ಬಾಂಡ್ಲಿ ಎತ್ತಿಕೊಂಡು ಹೋದರು.

ಆ “ಬುಡಿ” ಕೇಳಿದಾಗ ನನಗಾದದ್ದು ದುಃಖವಲ್ಲ. ಸಮಾಧಾನ. ಅವರೇ ಬೇಡ ಎಂದರಲ್ಲ ಎಂಬ ಸಮಾಧಾನ. ಅದನ್ನು ಹಿಡಿದುಕೊಂಡು ತಂದೆ ಬದುಕಿರುವವರೆಗೆ ಸುಮ್ಮನಿದ್ದೆ. ತಂದೆ ಹೋದ ಮೇಲೂ ಸುಮ್ಮನಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಪಾಠ ಮಾಡಿ ನಿವೃತ್ತಳಾದೆ. ಭಾನುವಾರ ತಮ್ಮನ ಮೇಲೆ ಸಿಟ್ಟಿನಿಂದ ಊಟ ಬಿಟ್ಟು ಎದ್ದೆನಲ್ಲ, ಆಗಲೂ ಒಂದು ಮಾತು ಆಡದೆ ಚಪ್ಪಲಿ ಮೆಟ್ಟಿ ಮನೆಗೆ ಬಂದೆ. ಪಾಪ, ತಮ್ಮನದೇನು ತಪ್ಪು? ಆಗವನು ಆರು ವರ್ಷದ ಮಗು. ಪುರೋಹಿತರು, ನೆಂಟರು, ನಮ್ಮ ತಂದೆ ಕೂಡ ಮೇಸ್ತ್ರಿಯ ಬಾಯಿಂದಲೇ ಕೇಳಿದ್ದನ್ನು ನಂಬಿದರು. ಅವರು ಕುಡಿದಿರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.